ರೀಡಿಂಗ್ ಬರೆಯುವವಳ ಸ್ಟೂಲು

ನೋಯ್ಡಾದ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿ ಎರಡನೇ ವಾರ. ನವೆಂಬರ್ ತಿಂಗಳು. ಭೌತಶಾಸ್ತ್ರ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಲೇಸರ್ ಹಚ್ಚಿದೆ. ಹಚ್ಚಿದ್ದೇ ತಡ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಗಾಳಿಯಲ್ಲೇ ಒಂದು ಕೆಂಪು ಗೆರೆ ಎದ್ದು ನಿಂತಿತು. ನಾನು ಡಸ್ಟರ್ ಹಿಡಿದುಕೊಂಡು ನಿಂತಿದ್ದೆ. ಹಾವೇರಿಯ ಕಾಲೇಜಿನಲ್ಲಿ ಒಂಬತ್ತು ವರ್ಷ ಮಾಡಿದ್ದು ಅದನ್ನೇ. ಲೇಸರ್ ಬೆಳಕು ಹೋಗುವ ದಾರಿ ಬರಿಗಣ್ಣಿಗೆ ಕಾಣುವುದಿಲ್ಲ. ಡಸ್ಟರ್ ಕುಟ್ಟಿ ಸೀಮೆಸುಣ್ಣದ ಪುಡಿ ಹಾರಿಸಿದರೆ ಪುಡಿಯ ಮೇಲೆ ಗೆರೆ ಮೂಡುತ್ತದೆ, ಮಕ್ಕಳು ಹೋ ಎನ್ನುತ್ತಾರೆ. ಇಲ್ಲಿ ಪುಡಿಯೇ ಬೇಕಾಗಲಿಲ್ಲ. ಕೋಣೆಯ ಗಾಳಿಯಲ್ಲಿ ಅಷ್ಟು ಹೊಗೆ ತುಂಬಿತ್ತು. ಇದನ್ನೇ ನಾವೆಲ್ಲ ಉಸಿರಾಡುತ್ತಿದ್ದೆವು. ಹುಡುಗರಿಗೆ ಅದು ಮಾಮೂಲು. ಮ್ಯಾಮ್ ಯಾಕೆ ಡಸ್ಟರ್ ಹಿಡಿದಿದ್ದಾರೆ ಎಂಬುದಷ್ಟೇ ಅವರಿಗೆ ಅರ್ಥವಾಗಲಿಲ್ಲ.

ನಾವು ಇಲ್ಲಿಗೆ ಬಂದದ್ದು ಯಜಮಾನರ ವರ್ಗಾವಣೆಯಿಂದ. ಅವರದು ಬೀಜದ ಕಂಪನಿ. ಅವರ ಆಫೀಸು ದಿಲ್ಲಿಯ ಉತ್ತರದ ತುದಿಯಲ್ಲಿ, ನನಗೆ ಕೆಲಸ ಸಿಕ್ಕಿದ್ದು ಪೂರ್ವದ ತುದಿಯ ನೋಯ್ಡಾದಲ್ಲಿ, ಮನೆ ಸಿಕ್ಕಿದ್ದು ರೋಹಿಣಿಯಲ್ಲಿ. ಬೆಳಿಗ್ಗೆ ಇ-ರಿಕ್ಷಾ, ಆಮೇಲೆ ಮೆಟ್ರೊ, ಎರಡು ಕಡೆ ರೈಲು ಬದಲಾವಣೆ. ಹಾವೇರಿಯಲ್ಲಿ ಕಾಲೇಜಿಗೆ ನಡೆದು ಹೋಗುತ್ತಿದ್ದೆ. ದಾರಿಯಲ್ಲಿ ನಾಲ್ಕು ಜನ "ಊಟ ಆತೇನ್ರಿ ಮೇಡಂ" ಎನ್ನುತ್ತಿದ್ದರು. ಇಲ್ಲಿ ದಿನಕ್ಕೆ ಸಾವಿರ ಜನರ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇನೆ, ಒಬ್ಬರೂ ಮಾತಾಡಿಸುವುದಿಲ್ಲ. ಸಂಜೆ ಮನೆ ಮುಟ್ಟುವಾಗ ಮೈಯೆಲ್ಲ ಹಣ್ಣಾಗಿರುತ್ತದೆ.

ಮನೆಯೊಡತಿ ಆಂಟಿ ಪಂಜಾಬಿನವರು, ಒಳ್ಳೆಯವರು, ಆದರೆ ಮೊದಲ ದಿನವೇ "ನೀವು ಮದ್ರಾಸಿಗಳು ದಿನಾ ಇಡ್ಲಿ ತಾನೇ?" ಎಂದು ತೀರ್ಮಾನ ಕೊಟ್ಟರು. ನಮ್ಮದು ಜೋಳದ ರೊಟ್ಟಿ ಎಂದರೆ ನಂಬಲಿಲ್ಲ. ಇಲ್ಲಿ ಜೋಳದ ಹಿಟ್ಟು ಸಿಗುವುದು ತೂಕ ಇಳಿಸುವವರ ಅಂಗಡಿಯಲ್ಲಿ, ಹಾಲಿನ ಪುಡಿ ಬರುವಂಥ ಡಬ್ಬಿಯಲ್ಲಿ. ತಟ್ಟಿದರೆ ಬಿರಿಯುತ್ತದೆ. ಹಿಂದಿ ಕಲಿತದ್ದು ತರಕಾರಿ ಭಯ್ಯಾನ ಹತ್ತಿರ ಜಗಳಾಡುತ್ತಾ. ಒಂದು ದಿನ ಇ-ರಿಕ್ಷಾದವನು ಅರ್ಧ ದಾರಿಯಲ್ಲಿ ಇಳಿಸಲು ನೋಡಿದಾಗ ತಡವರಿಸದೆ ನಾಲ್ಕು ವಾಕ್ಯ ಬೈದೆ. ಅವನು ಸುಮ್ಮನೆ ಮೆಟ್ರೊ ಬಾಗಿಲಿಗೆ ಬಿಟ್ಟ. ಆ ದಿನ ಯಜಮಾನರಿಗೆ ಫೋನು ಮಾಡಿ ಹೇಳಿಕೊಂಡೆ. ದೊಡ್ಡ ಪರೀಕ್ಷೆ ಪಾಸಾದಷ್ಟು ಖುಷಿ.

ಹಾವೇರಿಯಿಂದ ತಂದ ಸಾಮಾನಿನಲ್ಲಿ ನನ್ನದಲ್ಲದ ಒಂದು ವಸ್ತುವಿತ್ತು. ನನ್ನ ಹಳೆಯ ವಿದ್ಯಾರ್ಥಿನಿ ಶಾಹೀನಾಳ ಪ್ರಾಕ್ಟಿಕಲ್ ರೆಕಾರ್ಡ್. ಅಕ್ಷರ ಅಂದರೆ ಅಕ್ಷರ, ಒಂದು ಗೀಚಿಲ್ಲ, ಒಂದು ತಿದ್ದಿಲ್ಲ. ಕೋರ್ಸು ಮುಗಿದ ಮೇಲೆ ಅವಳೇ ನನಗೆ ಕೊಟ್ಟಿದ್ದಳು. ಪ್ರತಿ ವರ್ಷ ಹೊಸ ಹುಡುಗರಿಗೆ ಅದನ್ನು ತೋರಿಸಿ "ಹೀಗೆ ಬರೀಬೇಕು" ಎನ್ನುತ್ತಿದ್ದೆ. ಇಲ್ಲಿ ರೆಕಾರ್ಡಿಗೆ ಫೈಲ್ ಎನ್ನುತ್ತಾರೆ. ಹೆಸರು ಬೇರೆ, ಅದೇ ಹಾಳೆ, ಅದೇ ಪೆನ್ಸಿಲ್ ಚಿತ್ರ. ಇಲ್ಲೂ ಅದನ್ನೇ ತೋರಿಸಿದೆ.

ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಕುಂದಾಪುರ ಕಡೆಯ ಸುಧಾಕರ ಅವರ ಹೋಟೆಲಿದೆ. ಮೊದಲ ಸಲ ಹೋದಾಗ ನಾನು ಯಜಮಾನರ ಹತ್ತಿರ ಸಾಂಬಾರು ಸಿಹಿ ಎಂದು ಗೊಣಗಿದ್ದು ಕೌಂಟರಿಗೆ ಕೇಳಿಸಿತು. "ಎಂತ ಮಾಡುದು ಮೇಡಂ, ಇಲ್ಲಿಯವರಿಗೆ ಖಾರ ಆಗುದಿಲ್ಲ. ನಿಮಗೆ ಬೇರೆ ಕೊಡ್ತೇನೆ" ಎಂದರು. ಎಷ್ಟೋ ದಿನದಿಂದ ಕನ್ನಡದಲ್ಲಿ ಬೈಸಿಕೊಂಡಿರಲಿಲ್ಲವೋ ಏನೋ, ಅವರ ಮುಖ ಅರಳಿತ್ತು. ಅವರ ಪಕ್ಕ ಕೂತು ಆರ್ಡರ್ ಚೀಟಿ ಬರೆಯುತ್ತಿದ್ದ ಹುಡುಗಿಯನ್ನು ತೋರಿಸಿ, "ನನ್ನ ಮಗಳು ಪ್ರತೀಕ್ಷಾ. ನಿಮ್ಮ ಯೂನಿವರ್ಸಿಟಿಯಲ್ಲೇ ಬಿ.ಎಸ್ಸಿ. ಓದುದು" ಎಂದರು. ರೋಹಿಣಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡದಲ್ಲಿ ಅರ್ಧ ಹಿಂದಿ. "ನಮಸ್ತೆ ಮ್ಯಾಮ್, ನಿಮ್ಮ ಕ್ಲಾಸ್ ಅಭೀ ತಕ್ ನಮಗೆ ಬಂದಿಲ್ಲ" ಎಂದು ನಕ್ಕಳು. ಆಮೇಲೆ ಮೆಟ್ರೊದಲ್ಲಿ ಹೆಂಗಸರ ಬೋಗಿಯಲ್ಲಿ ಜೊತೆಯಾಗತೊಡಗಿದಳು. ನನ್ನ ಒಂಟಿತನಕ್ಕೆ ಅಷ್ಟು ಸಾಕಾಗಿತ್ತು.

ನಾನು ಬಂದ ಎರಡನೇ ವರ್ಷ, ವಿಜ್ಞಾನ ವಿಭಾಗಕ್ಕೆ ಒಂದು ವಿದ್ಯಾರ್ಥಿ ಸಹಾಯ ಕೇಂದ್ರ ಬೇಕೆಂದು ಮೇಲಿನವರಿಗೆ ಹೊಳೆಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೊಸಬಳು, ಇಲ್ಲ ಎನ್ನಲು ಬಾರದವಳು, ನಾನು. ಮೆಟ್ಟಿಲ ಕೆಳಗಿನ ಹಳೆಯ ಜೆರಾಕ್ಸ್ ಕೋಣೆಗೆ ಒಂದು ಮೇಜು ಹಾಕಿ ಗೋಡೆಗೆ ಪೋಸ್ಟರ್ ಅಂಟಿಸಿದರು: ಎಲ್ಲರನ್ನೂ ಒಳಗೊಳ್ಳೋಣ, ನೆಮ್ಮದಿಯಿಂದಿರೋಣ, ವೃತ್ತಿಯಲ್ಲಿ ಬೆಳೆಯೋಣ. ಪೋಸ್ಟರಿನ ಮಕ್ಕಳು ಬಿಳಿ ಕೋಟು ಹಾಕಿ ನಗುತ್ತಿದ್ದರು. ನನ್ನ ಹತ್ತಿರ ಬರುತ್ತಿದ್ದವರು ಹಾಜರಿ ಕಡಿಮೆಯಾದವರು, ಇಂಗ್ಲಿಷ್ ಪಾಠ ತಲೆಗೆ ಹೋಗದೆ ಹಾಸ್ಟೆಲಿನಲ್ಲಿ ಮುಸುಕು ಹಾಕಿ ಮಲಗುವವರು, ಮುಂದೇನು ಎಂದು ಕೇಳಿದರೆ ಗೋಡೆ ನೋಡುವವರು. ಅವರ ಮಾತು ಕೇಳಿ, ಗಂಟಲು ಒಣಗಿಸಿಕೊಂಡು, ಆಮೇಲೆ ಅದನ್ನೆಲ್ಲ ಮೂರು ನಮೂನೆಯ ಫಾರಮ್ಮುಗಳಲ್ಲಿ ತುಂಬಬೇಕು. ಯಾರಿಗಾದರೂ ಉಪಯೋಗವಾಯಿತೇ ಎಂದು ಕೇಳುವ ಜಾಗ ಫಾರಮ್ಮಿನಲ್ಲಿ ಇರಲಿಲ್ಲ.

ಆ ಚಳಿಗಾಲದಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ದಕ್ಷಿಣ ದಿಲ್ಲಿಯ ಸಂಶೋಧನಾ ಸಂಸ್ಥೆಯೊಂದು ಬೇಸಿಗೆಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ತನ್ನ ಲ್ಯಾಬಿಗೆ ತೆಗೆದುಕೊಳ್ಳುತ್ತದೆ. ಪ್ರತಿ ವಿಭಾಗದಿಂದ ಒಂದೇ ಹೆಸರು, ಅದನ್ನು ಕಳಿಸುವುದೂ ನನ್ನ ಕೇಂದ್ರದ ಕೆಲಸ. ಅಲ್ಲಿ ಕೆಲಸ ಮಾಡಿದವರಿಗೆ ಎಂ.ಎಸ್ಸಿ. ಸೀಟಿಗೆ ದಾರಿ ಸುಲಭ. ನಾನು ಕಣ್ಣು ಮುಚ್ಚಿ ಪ್ರತೀಕ್ಷಾಳ ಹೆಸರು ಬರೆದೆ. ಅವಳು ಆಗ ಕೊನೆಯ ವರ್ಷ, ಸ್ಟಾಫ್ ರೂಮಿನಲ್ಲಿ ನಾನು ನೋಡಿದ ಆ ವರ್ಷದ ಎಲ್ಲ ಫೈಲುಗಳಲ್ಲಿ ಅವಳದ್ದೇ ಚೆಂದ. ಮತ್ತೆ, ಸುಳ್ಳೇಕೆ ಹೇಳಲಿ, ನಮ್ಮ ಕಡೆಯ ಹುಡುಗಿ ಎಂಬುದೂ ಇತ್ತು. ಹೆಸರು ಕಳಿಸಿದೆ ಎಂದು ಮೆಟ್ರೊದಲ್ಲಿ ಹೇಳಿದಾಗ ಅವಳು ಥ್ಯಾಂಕ್ಯೂ ಎಂದಳು, ಆಮೇಲೆ ರೈಲು ಬದಲಿಸುವ ಕಾಶ್ಮೀರಿ ಗೇಟ್ ಬರುವವರೆಗೂ ಬಾಯಿ ಬಿಡಲಿಲ್ಲ. ಸಂಕೋಚ ಅಂದುಕೊಂಡೆ.

ಫೆಬ್ರವರಿಯಲ್ಲಿ ಅವಳ ತರಗತಿಯ ಪ್ರಾಕ್ಟಿಕಲ್ ನನಗೆ ಬಂತು. ಸ್ಪೆಕ್ಟ್ರೋಮೀಟರ್ ಪ್ರಯೋಗ. ನಡುವೆ ಒಂದು ದುಂಡು ಪೀಠ, ಪೀಠದ ಮೇಲೆ ಮೂರು ಮುಖದ ಗಾಜಿನ ಪಟ್ಟಕ, ಎರಡು ಕಡೆ ಎರಡು ಕೊಳವೆ. ಒಂದರಿಂದ ಬೆಳಕು ಒಳಗೆ ಬರುತ್ತದೆ, ಇನ್ನೊಂದು ದೂರದರ್ಶಕ, ಅದರಲ್ಲಿ ಕಣ್ಣಿಟ್ಟು ಬಣ್ಣದ ಗೆರೆ ಹುಡುಕಿ ಕೋನ ಅಳೆಯಬೇಕು. ಒಂದು ಮೇಜಿಗೆ ಐದು ಜನ. ನಾಲ್ವರು ಉಪಕರಣಕ್ಕೆ ಮುತ್ತಿಕೊಂಡಿದ್ದರು. ಐದನೆಯವಳು ಪ್ರತೀಕ್ಷಾ, ಮೇಜಿನ ತುದಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ವೈಭವ್ ಎಂಬ ಹುಡುಗ ಕೂಗಿದ ಅಂಕಿಗಳನ್ನು ದುಂಡಗೆ ಬರೆಯುತ್ತಿದ್ದಳು.

"ಪ್ರತೀಕ್ಷಾ, ಈಗ ನೀನು ನೋಡು" ಎಂದೆ.

ಎದ್ದು ಬಂದಳು. ದೂರದರ್ಶಕಕ್ಕೆ ಕಣ್ಣಿಡುವ ಬದಲು ಇನ್ನೊಂದು ಕೊಳವೆಗೆ ಇಟ್ಟಳು. ವೈಭವ್ ನಕ್ಕ. ಅವಳು ಸಿಕ್ಕಿದ ತಿರುಪು ತಿರುವಿದಳು, ಇದ್ದ ಗೆರೆಯೂ ಮಾಯವಾಯಿತು. ಕ್ಲಾಸು ಮುಗಿದ ಮೇಲೆ ಕರೆದು ಕೇಳಿದೆ.

"ಮ್ಯಾಮ್, ನಂಗೆ ಆತಾ ನಹೀ, ಬರಲ್ಲ" ಎಂದಳು. "ಫಸ್ಟ್ ಇಯರಲ್ಲಿ ಎಲ್ರೂ ಹೇಳಿದ್ರು, ನಿನ್ನ ರೈಟಿಂಗ್ ಚೆನ್ನಾಗಿದೆ, ನೀನು ಲಿಖ್. ನಾನು ಲಿಖ್ತಾನೇ ಇದ್ದೆ. ಮೂರು ವರ್ಷ ಆಯ್ತು. ಈಗ ಕೇಳಿದ್ರೆ ತೋ ಎಲ್ರೂ ನಗ್ತಾರೆ."

"ಹೆಸರು ಕಳಿಸಿದೆ ಅಂದಾಗ ಹೇಳಬಾರದಿತ್ತೇ?"

"ನೀವು ಅಷ್ಟು ಖುಷಿಯಾಗಿದ್ರಿ ಮ್ಯಾಮ್."

ಆ ಸಂಸ್ಥೆಯವರು ಆಯ್ಕೆ ಮಾಡುವುದು ಫೈಲು ನೋಡಿ ಅಲ್ಲ, ಕೈಗೆ ಉಪಕರಣ ಕೊಟ್ಟು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ವಿಷಯ ಹೇಳಿದಾಗ ವಿಭಾಗದ ಮುಖ್ಯಸ್ಥರು ಸಲೀಸಾಗಿ, "ಹೆಸರು ಬದಲಾಯಿಸಿ, ವೈಭವ್ ಕೈ ಚೆನ್ನಾಗಿದೆ" ಎಂದರು. ಅವನ ಕೈ ಚೆನ್ನಾಗಿರದೆ ಏನು? ಮೂರು ವರ್ಷ ಎಲ್ಲರಿಗಿಂತ ಹೆಚ್ಚು ಉಪಕರಣ ಮುಟ್ಟಿದ್ದು ಅವನೇ. ನನಗೆ ಸಿಟ್ಟು ಬಂತು. ಇನ್ನೂ ಮೂರು ವಾರ ಇದೆ ಸರ್, ನಾನೇ ಕಲಿಸುತ್ತೇನೆ ಎಂದು ಎದ್ದು ಬಂದೆ.

ಸಂಜೆ ಹೋಟೆಲಿಗೆ ಹೋಗಿ, ಮೂರು ವಾರ ಮಗಳು ತಡವಾಗಿ ಬರುತ್ತಾಳೆ ಎಂದೆ. ಸುಧಾಕರ ಅವರಿಗೆ ಇದು ತಲೆಗೇ ಹೋಗಲಿಲ್ಲ. "ಮಿಶಿನು ಎಲ್ಲ ಗಂಡು ಮಕ್ಕಳು ನೋಡಿಕೊಳ್ತಾರಲ್ಲ ಮೇಡಂ? ಇವಳ ಅಕ್ಷರ ಒಳ್ಳೇದುಂಟು. ಇಲ್ಲಿ ಅಡಿಗೆ ಕೋಣೆಗೂ ನಾನು ಬಿಡುದಿಲ್ಲ, ಓದುವ ಹುಡುಗಿ, ಕೈ ಸುಟ್ಟುಕೊಂಡರೆ? ಚೀಟಿ ಬರೆದರೆ ಸಾಕು." ಸ್ವಲ್ಪ ತಡೆದು ಹೇಳಿದರು: "ಆಯ್ತು, ನೀವು ಹೇಳಿದ ಮೇಲೆ ಮುಗೀತು. ಆದರೆ ಇದು ಸಿಗದಿದ್ದರೆ ಡಿಗ್ರಿ ಮುಗಿದ ಕೂಡಲೇ ಮಂಗಳೂರಿಗೆ. ಅಲ್ಲಿ ನನ್ನ ತಂಗಿ ಇದ್ದಾಳೆ. ಬಿ.ಎಡ್. ಮಾಡಲಿ, ನಮ್ಮ ಊರು ಸೇರಲಿ."

ಮರುದಿನ ರೈಲಿನಲ್ಲಿ ಪ್ರತೀಕ್ಷಾ ಕಿಟಕಿ ನೋಡುತ್ತಾ ಹೇಳಿದಳು. "ಅಪ್ಪನಿಗೆ ಅದು ಊರು ಮ್ಯಾಮ್. ನಂಗೆ ಛುಟ್ಟಿಯಲ್ಲಿ ಹೋಗೋ ಜಾಗ. ಅಲ್ಲಿ ಎಲ್ರೂ ನನ್ನನ್ನು ದಿಲ್ಲಿವಾಲಿ ಅಂತಾರೆ, ನನ್ನ ಕನ್ನಡಕ್ಕೆ ನಗ್ತಾರೆ. ಇಲ್ಲಿ ಮದ್ರಾಸಿ. ಚಲೋ, ಅದಾದ್ರೂ ಅಭ್ಯಾಸ ಆಗಿದೆ." ನಾನು ಊರು ಬಿಟ್ಟು ಬಂದೆನೆಂದು ಕೊರಗುವವಳು, ಅವಳು ಊರಿಗೆ ಕಳಿಸುತ್ತಾರೆಂದು ಹೆದರುವವಳು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಮದುವೆ ಚಿಂತೆ ಎಂದು ನಮ್ಮವ್ವ ಹೇಳುತ್ತಿದ್ದಳು. ಇಬ್ಬರ ಚಿಂತೆಯೂ ಒಂದೇ ಬೋಗಿಯಲ್ಲಿ ನಿಂತಿತ್ತು.

ಇನ್ನು ನನ್ನ ಗುಟ್ಟು ಹೇಳಬೇಕು. ಅವಳಿಗೆ ಕಲಿಸುತ್ತೇನೆ ಎಂದು ಎಲ್ಲರ ಮುಂದೆ ಹೇಳಿ ಬಂದೆನಲ್ಲ, ನನಗೇ ಬರುತ್ತಿರಲಿಲ್ಲ. ಸಿದ್ಧಾಂತ ಗೊತ್ತು, ಬೋರ್ಡಿನ ಮೇಲೆ ಚಿತ್ರ ಬರೆದು ಒಂದು ಗಂಟೆ ಪಾಠ ಮಾಡಬಲ್ಲೆ. ಆದರೆ ಕಾಲೇಜಿನಲ್ಲಿ ನಾನೂ ಸ್ಟೂಲಿನ ಮೇಲೆ ಕೂತು ಬರೆದವಳೇ. ಎಂ.ಎಸ್ಸಿ.ಯಲ್ಲೂ ಅಷ್ಟೇ. ಮೇಡಂ ಆದ ಮೇಲೆ ಹಾವೇರಿಯಲ್ಲಿ ಅಟೆಂಡರ್ ಉಪಕರಣ ಹೊಂದಿಸಿ ಇಡುತ್ತಿದ್ದ, ಇಲ್ಲಿ ತಿವಾರಿಜಿ ಇಡುತ್ತಾರೆ. ತಿವಾರಿಜಿ ನಮ್ಮ ಲ್ಯಾಬ್ ಅಟೆಂಡೆಂಟ್, ಹತ್ತನೇ ಕ್ಲಾಸು ಓದಿದವರು, ನಿವೃತ್ತಿ ಹತ್ತಿರ ಇದೆ. ಹೊಂದಿಸಿದ್ದು ನಡುವೆ ಕೆಟ್ಟರೆ ಮಾತ್ರ ನಾನು, ಈ ಮಾಡೆಲ್ಲೇ ಸರಿಯಿಲ್ಲ ಎನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎರಡು ದಿನ ನುಂಗಿಕೊಂಡೆ. ಮೂರನೇ ದಿನ ಪ್ರತೀಕ್ಷಾಳ ಎದುರಿಗೇ ಬಾಯಿ ಬಿಟ್ಟೆ. "ತಿವಾರಿಜಿ, ಇವಳಿಗೆ ಕಲಿಸಬೇಕು. ಮುಝೇ ಭೀ ನಹೀ ಆತಾ." ನನಗೂ ಬರುವುದಿಲ್ಲ ಎಂದು.

ಅವರು ಬಟ್ಟೆಯಲ್ಲಿ ಪಟ್ಟಕ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. "ಪತಾ ಹೈ, ಮ್ಯಾಡಮ್."

ಗೊತ್ತು ಎಂದರು. ಒಂದೂಕಾಲು ವರ್ಷದಿಂದ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಪ್ರತೀಕ್ಷಾ ನನ್ನ ಮುಖ ನೋಡಿದಳು, ಆಮೇಲೆ ಮೊದಲ ಸಲ ಆ ಕೋಣೆಯಲ್ಲಿ ನಕ್ಕಳು.

ಸಂಜೆ ನಾಲ್ಕರಿಂದ ಆರರವರೆಗೆ ನಮ್ಮ ಶಾಲೆ. ದೂರದರ್ಶಕವನ್ನು ಮೊದಲು ದೂರದ ವಸ್ತುವಿಗೆ ಹೊಂದಿಸಬೇಕು. ಮೊದಲ ನಾಲ್ಕು ದಿನ ಹೊಗೆಮಂಜು, ಕಿಟಕಿಯಾಚೆ ಮರವೇ ಕಾಣದು, ದೂರದ ವಸ್ತು ಎಲ್ಲಿಂದ ಬಂತು? ತಿವಾರಿಜಿ ಕಿಟಕಿಗೆ ನಿಂತು ಬಿಸಿಲಿಗೆ ಕಾಯುತ್ತಿದ್ದರು, ಒಂದು ಚೂರು ತೆಳುವಾದ ಕೂಡಲೇ "ಮೊಬೈಲ್ ಟವರ್ ಕಾಣಿಸಿತು, ಬನ್ನಿ" ಎಂದು ಕರೆಯುತ್ತಿದ್ದರು. ಒಮ್ಮೆ ಹೊಂದಿಸಿ, ತಕ್ಷಣ ಎಲ್ಲ ಕೆಡಿಸಿ, ಮತ್ತೆ ಮಾಡಿ ಎನ್ನುವುದು ಅವರ ಪದ್ಧತಿ. ನಾನು ಮೂರು ಸಲ ಮಾಡುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಪ್ರತೀಕ್ಷಾ ಹತ್ತು ಸಲ ಮಾಡುತ್ತಿದ್ದಳು. ಪಟ್ಟಕ ತಿರುಗಿಸಿದಂತೆ ಗೆರೆ ಸರಿಯುತ್ತಾ ಬಂದು ಒಂದು ಕಡೆ ನಿಂತು ವಾಪಸು ಹೊರಡುತ್ತದೆ. ಅದು ನಿಂತ ಗಳಿಗೆಯನ್ನು ಹಿಡಿಯಬೇಕು. ನಾನು ಪುಸ್ತಕದಲ್ಲಿ ಓದಿದ್ದೆ, ಹೇಳಿಯೂ ಇದ್ದೆ. ನಲವತ್ತು ದಾಟಿದ ಮೇಲೆ ಮೊದಲ ಸಲ ನೋಡಿದೆ. ಅಯ್ಯೋ, ಇಷ್ಟು ಚೆಂದವೇ ಎನ್ನಿಸಿ ಕಣ್ಣು ತೇವವಾಯಿತು. ತಿವಾರಿಜಿಗೆ ಹೊಗೆಗೆ ಕಣ್ಣು ಉರಿಯುತ್ತಿದೆ ಎಂದೆ.

ಎರಡನೇ ವಾರ ಪ್ರತೀಕ್ಷಾಳ ಕೈಯಿಂದ ಪಟ್ಟಕ ಜಾರಿ ಒಂದು ಮೂಲೆ ಚಕ್ಕೆ ಎದ್ದಿತು. ಅವಳು ಹೋಗಿ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು. "ಇದಕ್ಕೇ ಮ್ಯಾಮ್ ಯಾರೂ ನಂಗೆ ಕೊಡಲ್ಲ. ವೈಭವ್‌ಗೇ ಕೊಡಿ" ಎಂದು ಅತ್ತಳು. ಒಡೆದ ಸಾಮಾನಿನ ಪುಸ್ತಕದಲ್ಲಿ ನಾನು ನನ್ನ ಹೆಸರು ಬರೆದೆ. ತಿವಾರಿಜಿ ಅವಳನ್ನು ಎಬ್ಬಿಸಿ ಆ ಸ್ಟೂಲನ್ನು ಎತ್ತಿಕೊಂಡು ಹೋಗಿ ತಮ್ಮ ಚಹಾದ ಮೂಲೆಗೆ ಇಟ್ಟುಕೊಂಡರು. ಅವಳಿಗೆ ಕೂರಲು ಜಾಗ ಇರಲಿಲ್ಲ. ಕಣ್ಣೊರೆಸಿಕೊಂಡು ಇನ್ನೊಂದು ಪಟ್ಟಕ ಎತ್ತಿಕೊಂಡಳು.

ಪರೀಕ್ಷೆಯ ದಿನ ಜೊತೆಗೆ ಹೋದೆ. ಆರು ಜನ ಬೇರೆ ಬೇರೆ ಕಡೆಯಿಂದ ಬಂದಿದ್ದರು. ನಾನು ಹೊರಗೆ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತೆ. ಮೂರು ಗಂಟೆಯ ನಂತರ ಬಂದಳು, ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಉತ್ತರ ಬುಕ್‌ನಲ್ಲಿ ಇರೋದು ಬರಲಿಲ್ಲ ಮ್ಯಾಮ್. ಅರ್ಧ ಡಿಗ್ರಿ ಫರಕ್. ಪಕ್ಕದವನು ಬುಕ್ ವಾಲಾ ಬರೆದ. ನಾನು ಕಂಡಿದ್ದನ್ನೇ ಬರೆದೆ."

"ಏನಂದರು?"

"ಯಾರು ಸೆಟ್ ಮಾಡಿದ್ದು ಅಂತ ಕೇಳಿದ್ರು. ನಾನೇ ಅಂದೆ. ಅವರು ಎಲ್ಲ ಕೆಡಿಸಿ, ಮತ್ತೆ ಮಾಡು ಅಂದ್ರು. ತಿವಾರಿಜಿ ಥರಾನೇ. ಮಾಡಿದೆ."

ಹತ್ತು ದಿನದ ಮೇಲೆ ಪತ್ರ ಬಂತು. ಆಯ್ಕೆಯಾಗಿದ್ದಳು. ಹೋಟೆಲಿನಲ್ಲಿ ಸುಧಾಕರ ಅವರು ನನಗೆ ಕೇಸರಿಬಾತು ಕೊಟ್ಟು, "ಹಾಗಾದರೆ ಮಂಗಳೂರು ಸದ್ಯಕ್ಕೆ ಇಲ್ಲ" ಎಂದರು. ಮಗಳು ಎಲ್ಲಿ ಎಂದೆ. ಒಳಗೆ ದೋಸೆ ಹಾಕುತ್ತಿದ್ದಾಳೆ, ಕೇಳುದೇ ಇಲ್ಲ ಎಂದರು. ಅರ್ಧ ಬೇಸರ, ಅರ್ಧ ಹೆಮ್ಮೆ.

ನಾನು ಅಂದು ನಿಜಕ್ಕೂ ಗೆದ್ದೆ ಅಂದುಕೊಂಡಿದ್ದೆ. ಮರುದಿನ ಎರಡನೇ ವರ್ಷದವರಿಗೆ ತೋರಿಸಲೆಂದು ಶಾಹೀನಾಳ ರೆಕಾರ್ಡ್ ತೆಗೆದೆ. ಹಾಳೆ ಮಗುಚುತ್ತಾ ಹೋದಂತೆ ಕೈ ತಡೆಯಿತು. ಒಂದು ಗೀಚಿಲ್ಲ, ಒಂದು ತಿದ್ದಿಲ್ಲ. ಕೈಯಾರೆ ಮಾಡಿದವರ ಹಾಳೆ ಹೀಗೆ ಇರುವುದಿಲ್ಲ ಎಂದು ಈಗ ನನಗೆ ಗೊತ್ತಿತ್ತು. ಪ್ರತೀಕ್ಷಾಳ ಈಚಿನ ಹಾಳೆಗಳ ತುಂಬ ಹೊಡೆದುಹಾಕಿದ ಅಂಕಿಗಳಿದ್ದವು. ರೆಕಾರ್ಡ್ ಮುಚ್ಚಿ ಚೀಲಕ್ಕೆ ಹಾಕಿದೆ. ಸಂಜೆ ರಾಜೀವ್ ಚೌಕದ ಪ್ಲಾಟ್‌ಫಾರ್ಮಿನಲ್ಲಿ, ಆ ಗದ್ದಲದಲ್ಲೇ ಶಾಹೀನಾಗೆ ಫೋನು ಮಾಡಿದೆ. ಅವಳು ಈಗ ಬ್ಯಾಡಗಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ.

"ಒಂದು ಮಾತು ಕೇಳಲೇನವಾ? ಕಾಲೇಜಿನ್ಯಾಗ ನೀ ಸ್ಪೆಕ್ಟ್ರೋಮೀಟರ್ ಮುಟ್ಟಿದ್ದೇನು?"

ನಕ್ಕಳು. "ಇಲ್ರೀ ಮೇಡಂ. ನೀವ ಹೇಳ್ತಿದ್ರೆಲ್ರೀ, ನಿನ್ನ ಅಕ್ಷರ ಭಾಳ ಚಂದ ಅದಾವು, ನೀ ಬರಿ, ಅವರು ಮಾಡ್ಲಿ ಅಂತ."

ಹೌದು, ಹೇಳುತ್ತಿದ್ದೆ. ಅವಳಿಗೊಬ್ಬಳಿಗೇ ಅಲ್ಲ, ಪ್ರತಿ ವರ್ಷ, ಪ್ರತಿ ಮೇಜಿನಲ್ಲಿ ಒಬ್ಬಳಿಗೆ. ಪ್ರೀತಿಯಿಂದಲೇ ಹೇಳುತ್ತಿದ್ದೆ.

"ಬ್ಯಾಸರ ಆಗ್ತಿರಲಿಲ್ಲೇನು?"

"ಯಾಕ್ರೀ? ನೀವು ಹೊಗಳ್ತಿದ್ರಿ, ಖುಷಿ ಆಗ್ತಿತ್ತು. ಈಗ ಒಂದ ತ್ರಾಸು ನೋಡ್ರಿ. ನಮ್ಮ ಸಾಲ್ಯಾಗ ಒಂದು ಸೂಕ್ಷ್ಮದರ್ಶಕ ಐತಿ, ಕಪಾಟಿನ್ಯಾಗ. ಹುಡುಗೂರು ತಗೀರಿ ತಗೀರಿ ಅಂತಾರು. ನನಗ ಮುಟ್ಟಾಕ ಹೆದರಿಕಿ. ಕೀಲಿ ಸಿಕ್ಕಿಲ್ಲ ಅಂತ ಹೇಳ್ಕೋತ ಬಂದೀನಿ. ಮೂರು ವರ್ಷ ಆತು."

ಒಂದು ರೈಲು ಬಂತು, ಹೋಯಿತು. ನಾನು ಹತ್ತಲಿಲ್ಲ. ನೋಯ್ಡಾದ ಜೆರಾಕ್ಸ್ ಕೋಣೆಯಲ್ಲಿ ಕೂತು ಎಲ್ಲರನ್ನೂ ಒಳಗೊಳ್ಳೋಣ ಎನ್ನುತ್ತೇನೆ. ಒಬ್ಬಳನ್ನು ಸ್ಟೂಲಿನಿಂದ ಎಬ್ಬಿಸಿದೆ. ಆದರೆ ನಾನೇ ಕೂರಿಸಿದವರೆಲ್ಲ ಅಲ್ಲಿದ್ದಾರೆ, ನನ್ನ ಊರಿನಲ್ಲಿ, ಈಗ ತಮ್ಮ ಶಾಲೆಯ ಮಕ್ಕಳನ್ನು ಕೂರಿಸುತ್ತಿದ್ದಾರೆ. ಕಲಿಸಬೇಕಾದ ಕಡೆ ಇದ್ದಾಗ ನನಗೆ ಬರಲಿಲ್ಲ. ಕಲಿತ ಮೇಲೆ ನಾನು ಅಲ್ಲಿಲ್ಲ.

"ಜೂನ್‌ನ್ಯಾಗ ಬರ್ತೀನಿ" ಎಂದೆ. "ಕೀಲಿ ತಗದು ಇಡು. ಇಬ್ಬರೂ ಕೂಡೇ ಮುಟ್ಟೂಣು. ನನಗೂ ಸೂಕ್ಷ್ಮದರ್ಶಕ ಅಷ್ಟು ಬರಂಗಿಲ್ಲ."

ಅವಳು ಮೆಲ್ಲಗೆ, "ನಿಮಗೂ ಬರಂಗಿಲ್ಲೇನ್ರಿ ಮೇಡಂ?" ಎಂದಳು.

"ಇಲ್ಲವಾ."

"ಎಷ್ಟು ದಿನ ಇರ್ತೀರಿ?"

"ಹತ್ತು ದಿನ. ಆಮ್ಯಾಲ ಇಲ್ಲಿಗೆ ಬರಬೇಕು, ಹೊಸಾ ಹುಡುಗೂರು ಬರ್ತಾರ."

"ಕೀಲಿ ನನ್ನ ಕಡೇನ ಐತ್ರಿ" ಎಂದಳು ಶಾಹೀನಾ.